ಪುಟ ಏಳು, ಆವೃತ್ತಿ ನಾಲ್ಕು

ಇಂಗ್ಲಿಷಿನ ಹಾಳೆಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ,
ಪುಟಕ್ಕೆ ನೂರಾ ಎಂಬತ್ತು ರೂಪಾಯಿ.
ಮಂಗಳೂರಿನಲ್ಲಿ ನಾನೆಂದೂ ಕಾಣದ ಯಾರೋ ಒಬ್ಬರು
ಮೂಲ ನೋಡದೆ ಅದನ್ನು ಮರಳಿ ಇಂಗ್ಲಿಷಿಗೆ ಒಯ್ಯುತ್ತಾರೆ.
ಹೋದದ್ದೂ ಬಂದದ್ದೂ ಒಂದೇ ಇದ್ದರೆ
ಸಮಿತಿಗೆ ಸಮಾಧಾನ.

ಮೊದಲ ಸಲ ಒಂದೇ ಇರಲಿಲ್ಲ.
ನಾನು ಪರೀಕ್ಷೆ ಎಂದು ಬರೆದದ್ದು
ಎಸ್ಸೆಸ್ಸೆಲ್ಸಿಯ ಹಾಗೆ ಮರಳಿ ಬಂತು.
ಮೂವತ್ತೊಂದು ವರ್ಷ ಉತ್ತರ ಪತ್ರಿಕೆ ತಿದ್ದಿದವಳು,
ತಪ್ಪು ನನ್ನದೇ.
ಹೊಡೆದುಹಾಕಿ ಪ್ರಯೋಗ ಬರೆದೆ,
ಜನ ಇಲಿಯನ್ನು ನೆನೆಯುತ್ತಾರೆ ಎಂದರು.
ಅಧ್ಯಯನ ಎಂದು ಬರೆದೆ,
ಆಗ ಯಾರೂ ಏನನ್ನೂ ನೆನೆಯಲಿಲ್ಲ.
ಅದೇ ಉಳಿಯಿತು.

ಬಂದ್ಯೋಡಿನ ಹೆದ್ದಾರಿಯಿಂದ ತುಸು ಒಳಗೆ ಅವ್ವಮ್ಮನ ಜಗಲಿ.
ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಹುಡಿ.
ಬೀಡಿ ಕಟ್ಟುವವರ ಕೆಮ್ಮಿಗೊಂದು ಹೊಸ ಮದ್ದು:
ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಮದ್ದಿನಂಥದ್ದು,
ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ.
ಒಪ್ಪಿಗೆಯನ್ನೂ ಚಿತ್ರೀಕರಿಸಬೇಕಂತೆ.
ಕಣ್ಣೂರಿನ ಡಾಕ್ಟರ್ ರಂಜುಷಾ
ಒಲೆಗೂಡಿನ ಹಂಚಿಗೆ ಒರಗಿಸಿ ಕ್ಯಾಮರಾ ಇಟ್ಟಳು.

ಮಾತೃಭಾಷೆ ಎಂಬಲ್ಲಿ ಒಂದೇ ಚೌಕ.
ಅವ್ವಮ್ಮನಿಗೆ ಅಡುಗೆಮನೆಯಲ್ಲಿ ಬ್ಯಾರಿ, ಬೀಡಿ ಬ್ರಾಂಚಿನಲ್ಲಿ ತುಳು,
ರೇಶನ್ ಅಂಗಡಿಯಲ್ಲಿ ಮಲಯಾಳ, ನನ್ನ ಹತ್ತಿರ ಕನ್ನಡ.
ಚೌಕದಲ್ಲಿ ನಾನು ಕನ್ನಡ ಎಂದು ಬರೆದೆ.
ಪಕ್ಷಪಾತ ಇರಬಹುದು.
ಮೊಮ್ಮಗಳು ಶಹನಾಸ್ ಹಾಳೆ ಮಗುಚಿ ನೋಡಿ ಇಟ್ಟಳು,
ಅವಳಿಗೆ ನಮ್ಮ ಅಕ್ಷರ ಬಾರದು.

ಓದಿದೆ. ಪುಟ ಏಳು:
"ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು."
ಅವ್ವಮ್ಮ ಹಿಂದೆ ನೋಡಿದಳು, ಗೋಡೆ ಇತ್ತು.
"ಎಲ್ಲಿಗೆ ಟೀಚರೇ?"
"ಹಾನಿಯಾದರೆ ಪರಿಹಾರ" ಎಂಬಲ್ಲಿ ತಲೆಯಾಡಿಸಿದಳು,
ಹೆದ್ದಾರಿಗೆ ಅಂಗಳ ಹೋದಾಗ ಕೇಳಿದ್ದ ಮಾತು.
ಆಮೇಲೆ ನಿಧಾನಕ್ಕೆ:
"ಮದ್ದು ನನಗೆ ಹಿಡಿಯಿತು ಅಂತಲೇ ಇಟ್ಟುಕೊಳ್ಳಿ,
ಹದಿನೆಂಟು ತಿಂಗಳು ಕಳೆದ ಮೇಲೆ ಎಂತ?
ನೀವು ಕೊಡ್ತೀರಾ, ಅಂಗಡಿಯಿಂದ ತರಬೇಕಾ?"
ಹನ್ನೆರಡೂ ಪುಟ ಹುಡುಕಿದೆ. ಡಾಕ್ಟರೂ ಹುಡುಕಿದಳು.
ನಮ್ಮಿಬ್ಬರ ಹುಡುಕಾಟ ಕ್ಯಾಮರಾದಲ್ಲಿ ಇದೆ,
ನಾಲ್ಕು ನಿಮಿಷ.

"ಇರಲಿ, ಎಲ್ಲಿ ಒತ್ತಬೇಕು ಹೇಳಿ"
ಎಂದು ಹೆಬ್ಬೆಟ್ಟು ನೀಡಿದಳು,
ಐವತ್ತು ವರ್ಷ ಎಲೆ ಸುರುಟಿ ನುಣ್ಣಗಾದದ್ದು,
ಒಂದು ಗೆರೆಯೂ ಉಳಿದಿಲ್ಲ.
ರೇಶನಿನ ಯಂತ್ರ ಇವಳನ್ನು ಎರಡು ಸಲ ಇಲ್ಲ ಎಂದಿತ್ತು.
ಕಾಗದಕ್ಕೆ ಬೀಳುವುದು ಬರಿಯ ಕಪ್ಪು ಬೊಟ್ಟು,
ಯಾರದ್ದೂ ಆಗಬಹುದು.
ರಂಜುಷಾ ಶಾಯಿಯ ಡಬ್ಬಿ ಮುಚ್ಚಿದಳು.
"ನಾಳೆ ಬರುತ್ತೇವೆ."

ತಿಳಿದು ಕೊಟ್ಟ ಒಪ್ಪಿಗೆ,
ತಲೆಬರಹಕ್ಕೆ ನಾನೇ ಹುಡುಕಿಕೊಟ್ಟ ಮಾತು.
ಮಳೆಯ ಮರುದಿನ ಬಾವಿಯಿಂದ ಸೇದಿದ ಕೊಡವನ್ನು
ಯಾರೂ ಅವಸರ ಮಾಡುವುದಿಲ್ಲ, ಇಟ್ಟು ಕಾಯುತ್ತೇವೆ,
ಮಣ್ಣು ತಳಕ್ಕಿಳಿದು ನೀರು ತಾನೇ ತಿಳಿಯಾಗಬೇಕು.
ಇಷ್ಟು ವರ್ಷ ಪಾಠ ಒಪ್ಪಿಸಿಕೊಂಡವಳಿಗೆ
ಒಪ್ಪಿಸುವುದೂ ಒಪ್ಪುವುದೂ ಬೇರೆ ಎಂದು
ಆ ರಾತ್ರಿ ಹೊಳೆಯಿತು. ತಡವಾಗಿಯೇ.

ಮರುದಿನ ಅವ್ವಮ್ಮ "ನನಗೆ ಬೇಡ" ಎಂದು ಚಹಾ ಕೊಟ್ಟಳು.
ಆಚೆಮನೆಯ ಗುಲಾಬಿ ಒಪ್ಪಿದಳು, ಅವಳಿಗೆ ಅವಳ ಲೆಕ್ಕ.
ನಿರಾಕರಣೆ, ಒಂದು, ಎಂದು ಬರೆದುಕೊಂಡು
ಡಾಕ್ಟರ್ ಸಹಿಯ ಜಾಗ ಹುಡುಕಿದಳು. ಇರಲಿಲ್ಲ.
ಬೇಡ ಎನ್ನಲು ಹೆಬ್ಬೆಟ್ಟು ಬೇಕಿಲ್ಲ.

ಮೂರು ತಿಂಗಳಿಗೆ ಆವೃತ್ತಿ ಐದು ಬಂತು.
ಪುಟ ಹನ್ನೊಂದರಲ್ಲಿ ಒಂದು ಹೊಸ ಸಾಲು:
"ಅಧ್ಯಯನದ ನಂತರವೂ ಮದ್ದು ಒದಗಿಸಲು ಪ್ರಯತ್ನಿಸಲಾಗುವುದು."
ಕನ್ನಡಕ್ಕೆ ತಂದೆ, ನೂರಾ ಎಂಬತ್ತು ರೂಪಾಯಿ.
ಅಂಚಿನಲ್ಲಿ ಹಳೆಯ ಕೆಂಪು ಪೆನ್ನಿನಿಂದ ಬರೆದೆ:
ಕರ್ತೃಪದ ಎಲ್ಲಿ?

ಉತ್ತರ ಇನ್ನೂ ಬಂದಿಲ್ಲ.
ಮೊನ್ನೆ ಆ ದಾರಿಯಲ್ಲಿ ಹೋದಾಗ ಅವ್ವಮ್ಮನ ಮೊರದ ಕೆಳಗೆ
ನನ್ನ ಪುಟ ಏಳು ಕಂಡಿತು, ಬೆನ್ನು ಮೇಲಾಗಿ.
ನಾಲ್ಕು ಗೀಟು, ಅಡ್ಡ ಒಂದು,
ನಾಲ್ಕು ಗೀಟು, ಅಡ್ಡ ಒಂದು.
ಆ ವಾರದ ಕಟ್ಟುಗಳು.
ಕೆಮ್ಮುತ್ತಲೇ ಎಣಿಸಿದಳು,
ಒಂದೂ ತಪ್ಪಲಿಲ್ಲ.